ದುಡಿಮೆ ನಿಲ್ಲದಿರಲಿ: ಅಂಗವಿಕಲರಾದ ಹಾಗೂ ವಯಸ್ಸಾದ ರೈತರಿಗೆ ನೆರವಿನ ಸಾಧನಗಳು

ಬೀಜ, ಗೊಬ್ಬರ, ನೀರು, ಕೀಟ, ರೋಗ ಇವುಗಳ ವಿಷಯವಾಗಿ ಈ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಓದುತ್ತೀರಿ. ನೇಗಿಲಿನ ಕುಳ ಸವೆದರೆ ಕುಲುಮೆಗೆ ಒಯ್ಯುತ್ತೇವೆ. ಪಂಪ್‌ಸೆಟ್ ಕೆಟ್ಟರೆ ಅಂದೇ ರಿಪೇರಿಯವನಿಗೆ ಹೇಳಿ ಕಳುಹಿಸುತ್ತೇವೆ. ಆದರೆ ಒಕ್ಕಲುತನಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದ ಮನುಷ್ಯನ ಮೈ ಸವೆದಾಗ ಅಥವಾ ಊನವಾದಾಗ "ಹಣೆಬರಹ" ಎಂದು ಸುಮ್ಮನಾಗುತ್ತೇವೆ.

ಇಂಥ ನೋಟಗಳು ಯಾವ ಊರಿಗೂ ಹೊಸವಲ್ಲ. ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿ ಕಳೆದುಕೊಂಡ ಯುವಕ ಜಗಲಿಯ ಮೇಲೆ ಕೂತಿರುತ್ತಾನೆ. ಮಂಡಿ ನೋವಿನಿಂದ ಕುಕ್ಕರುಗಾಲಿನಲ್ಲಿ ಕೂರಲಾಗದ ತಾಯಿ, "ಇನ್ನು ನನ್ನ ಕೈಲಿ ಕಳೆ ಕೀಳೋದು ಆಗೋದಿಲ್ಲಪ್ಪ" ಎಂದು ಮನೆಯಲ್ಲೇ ಉಳಿಯುತ್ತಾಳೆ. ಕಿವಿ ಕೇಳಿಸದ ಅಜ್ಜನಿಗೆ ಅರುಳುಮರುಳು ಎಂದುಕೊಂಡು ಮನೆಯವರು ಬೇಸಾಯದ ಮಾತನ್ನು ಅವನ ಬಳಿ ಆಡುವುದನ್ನೇ ಬಿಡುತ್ತಾರೆ. ಈ ಮೂವರಿಗೂ ಒಂದಲ್ಲ ಒಂದು ಸಾಧನದಿಂದ ನೆರವಾಗಬಹುದು. ನೆರವು ತಡವಾದಷ್ಟೂ ಫಲ ಕಡಿಮೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ 1.86 ಕೋಟಿ ಜನ ಹಳ್ಳಿಗಳಲ್ಲಿ ವಾಸಿಸುವವರು. ಕರ್ನಾಟಕದಲ್ಲಿ ಇವರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಆದುದರಿಂದ ಇದು ನಗರದ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಸೇರಿದ ವಿಷಯವಲ್ಲ, ರೈತ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ. ಯಾವ ತೊಂದರೆಗೆ ಯಾವ ಸಾಧನ ಒಪ್ಪುತ್ತದೆ, ಅದನ್ನು ಬಳಸುವುದು ಹೇಗೆ, ಎಲ್ಲಿ ದೊರೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಾಧನ ಆರಿಸುವ ಮೊದಲು

ಒಬ್ಬರಿಗೆ ಒಪ್ಪಿದ ಸಾಧನ ಮತ್ತೊಬ್ಬರಿಗೆ ಒಪ್ಪಬೇಕೆಂದಿಲ್ಲ. ಆದ್ದರಿಂದ ಆರಿಸುವಾಗ ಮೂರು ಅಂಶಗಳನ್ನು ಗಮನದಲ್ಲಿಡಬೇಕು. ಮೊದಲನೆಯದು, ಸಾಧನ ಆ ವ್ಯಕ್ತಿಯ ಮೈ ಅಳತೆಗೆ ಹೊಂದಬೇಕು. ಎರಡನೆಯದು, ಅವರು ಮಾಡುವ ಕೆಲಸಕ್ಕೆ ಒದಗಬೇಕು. ಮೂರನೆಯದು, ಮನೆ, ಕೊಟ್ಟಿಗೆ ಮತ್ತು ಹೊಲದ ದಾರಿಯಲ್ಲಿ ಬಳಸಲು ಬರಬೇಕು. ಉದಾಹರಣೆಗೆ, ನಾಲ್ಕು ಕಾಲಿನ ಊರುಗೋಲು ಸಿಮೆಂಟು ನೆಲದ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಅದನ್ನೇ ಉತ್ತ ಹೊಲಕ್ಕೆ ಒಯ್ದರೆ ಒಂದು ಕಾಲು ಹೆಂಟೆಯ ಮೇಲೆ, ಇನ್ನೊಂದು ತಗ್ಗಿನಲ್ಲಿ ನಿಂತು, ಹಿಡಿದವರನ್ನು ಬೀಳಿಸುತ್ತದೆ. ಹೊಲದ ದಾರಿಗೆ ಒಂದೇ ತುದಿಯ ಗಟ್ಟಿ ಕೋಲೇ ಲೇಸು.

ಊರುಗೋಲು

ಅತಿ ಅಗ್ಗದ ಸಾಧನ ಇದು. ತಪ್ಪು ಬಳಕೆ ಹೆಚ್ಚಾಗಿರುವುದೂ ಇದರಲ್ಲಿಯೇ. ತಾತ ಬಳಸಿದ ಕೋಲನ್ನು ಮೊಮ್ಮಗ ಬಳಸುವುದು, ಕೈಗೆ ಸಿಕ್ಕ ಬಿದಿರನ್ನು ಊರಿಕೊಳ್ಳುವುದು ನಮ್ಮಲ್ಲಿ ರೂಢಿ. ಸರಿಯಾದ ಕ್ರಮ ಹೀಗಿದೆ:

1. ಚಪ್ಪಲಿ ಮೆಟ್ಟಿ ನೆಟ್ಟಗೆ ನಿಂತು, ಕೈಯನ್ನು ಸಡಿಲವಾಗಿ ಇಳಿಬಿಡಬೇಕು. ಮಣಿಕಟ್ಟಿನ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಕೋಲಿನ ಹಿಡಿಯೂ ಅಷ್ಟೇ ಎತ್ತರವಿರಬೇಕು. ಆಗ ಕೋಲು ಊರಿದಾಗ ಮೊಣಕೈ ತುಸು ಬಾಗಿರುತ್ತದೆ.

2. ನೋವಿರುವ ಕಾಲಿನ ಪಕ್ಕದಲ್ಲಿ ಕೋಲು ಹಿಡಿಯುವವರೇ ಹೆಚ್ಚು. ಇದು ತಪ್ಪು. ಬಲಗಾಲು ನೋಯುತ್ತಿದ್ದರೆ ಎಡಗೈಯಲ್ಲಿ ಕೋಲು ಹಿಡಿದು, ನೋವಿನ ಕಾಲನ್ನೂ ಕೋಲನ್ನೂ ಒಟ್ಟಿಗೆ ಮುಂದಿಡಬೇಕು. ಆಗ ಆ ಕಾಲಿನ ಮೇಲಿನ ಭಾರ ಇಳಿಯುತ್ತದೆ.

3. ಮೆಟ್ಟಿಲು ಹತ್ತುವಾಗ ಗಟ್ಟಿ ಇರುವ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮತ್ತು ಕೋಲು ಮೊದಲು.

4. ಕೋಲಿನ ತುದಿಗೆ ರಬ್ಬರ್ ಬಿರಡೆ ಇರಲೇಬೇಕು. ಅದರ ಅಡಿಯ ಗೀರುಗಳು ಸವೆದು ನುಣುಪಾದರೆ ಬದಲಾಯಿಸಬೇಕು. ಒದ್ದೆ ಸಿಮೆಂಟಿನ ಮೇಲೆ ಜಾರುವುದು ಈ ಸವೆದ ಬಿರಡೆಯಿಂದಲೇ.

ಕಂಕುಳಿಗೆ ಕೊಡುವ ಊರುಗೋಲುಗಳಲ್ಲಿ ಮತ್ತೊಂದು ಎಚ್ಚರ ಬೇಕು. ಮೇಲಿನ ಮೆತ್ತೆಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಅಂತರವಿರಬೇಕು. ಮೈಭಾರ ಅಂಗೈ ಮೇಲೆ ಬೀಳಬೇಕೇ ಹೊರತು ಕಂಕುಳ ಮೇಲಲ್ಲ. ಕಂಕುಳಲ್ಲಿ ಭಾರ ಬಿಟ್ಟು ನೇತಾಡಿದರೆ ಅಲ್ಲಿನ ನರ ಒತ್ತಿ, ಕೈ ಜೋಮು ಹಿಡಿದು ಶಕ್ತಿಗುಂದುತ್ತದೆ. ಕಾಲಿನ ತೊಂದರೆಯ ಜೊತೆಗೆ ಕೈಯ ತೊಂದರೆಯೂ ಸೇರಿಕೊಳ್ಳುತ್ತದೆ.

ಕೃತಕ ಕಾಲು

ವಿದೇಶಗಳಲ್ಲಿ ರೂಢಿಯಲ್ಲಿದ್ದ ಕೃತಕ ಕಾಲುಗಳು ಬೂಟು ಹಾಕಿ ಕುರ್ಚಿಯ ಮೇಲೆ ಕೂರುವ ಜನರಿಗಾಗಿ ಮಾಡಿದವು. ಅವುಗಳ ಪಾದದ ಕೀಲು ಬಾಗುತ್ತಿರಲಿಲ್ಲ. ನಮ್ಮ ರೈತ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಕು, ನೆಲದ ಮೇಲೆ ಕೂತು ಉಣ್ಣಬೇಕು, ಏರುಪೇರಿನ ಬದುವಿನ ಮೇಲೆ ನಡೆಯಬೇಕು. ಈ ಕೊರತೆಯನ್ನು ಮನಗಂಡು ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ. ಕೆ. ಸೇಠಿ ಅವರು 1960ರ ದಶಕದ ಕೊನೆಯಲ್ಲಿ ರಬ್ಬರಿನ ಪಾದವೊಂದನ್ನು ರೂಪಿಸಿದರು. ಇದೇ "ಜೈಪುರ ಕಾಲು" ಎಂದು ಹೆಸರಾಯಿತು. ಇದಕ್ಕಾಗಿ ಡಾ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. 1975ರಲ್ಲಿ ಜೈಪುರದಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಈ ಕಾಲನ್ನು ಉಚಿತವಾಗಿ ಜೋಡಿಸುತ್ತ ಬಂದಿದೆ.

ಈ ಪಾದ ಹಲವು ದಿಕ್ಕಿಗೆ ಬಾಗುತ್ತದೆ. ನೀರಿನಲ್ಲಿ ನೆನೆದರೂ ಕೆಡುವುದಿಲ್ಲ. ನೋಡಲು ಸಹಜ ಪಾದದಂತೆಯೇ ಇದ್ದು, ಬೂಟಿನ ಅಗತ್ಯವಿಲ್ಲ. ಪಾದದ ಮೇಲಿನ ಭಾಗವನ್ನು ಎಚ್‌ಡಿಪಿಇ ಕೊಳವೆಯಿಂದ ಮಾಡುತ್ತಾರೆ. ತುಂತುರು ನೀರಾವರಿಗೆ ನಾವು ಬಳಸುವ ಕೊಳವೆಯೂ ಇದೇ ಜಾತಿಯದು. ಕೊಳವೆಯನ್ನು ಕಾಯಿಸಿ, ಕಾಲಿನ ಅಚ್ಚಿನ ಮೇಲೆ ಎಳೆದು ಆಕಾರ ಕೊಡುತ್ತಾರೆ. ಮಂಡಿಯ ಕೆಳಗೆ ಕಾಲು ಕಳೆದುಕೊಂಡವರು ಇದರಿಂದ ಕುಕ್ಕರುಗಾಲಿನಲ್ಲಿ ಕೂರಬಹುದು, ಗದ್ದೆಯಲ್ಲಿ ಕೆಲಸ ಮಾಡಬಹುದು. ಮಂಡಿಯ ಮೇಲೆ ಕಳೆದುಕೊಂಡವರಿಗೆ ಮಂಡಿಯ ಕೀಲೂ ಕೃತಕವಾಗಿರುವುದರಿಂದ ಕಲಿಯಲು ಹೆಚ್ಚು ಕಾಲ ಹಿಡಿಯುತ್ತದೆ.

ಕೃತಕ ಕಾಲು ಎಷ್ಟೇ ಒಳ್ಳೆಯದಿದ್ದರೂ ಉಳಿದ ಮೋಟುಗಾಲು ಸರಿಯಾಗಿಲ್ಲದಿದ್ದರೆ ಪ್ರಯೋಜನವಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಿಸುವುದು ಮನೆಯವರು ಪ್ರೀತಿಯಿಂದ ಮಾಡುವ ತಪ್ಪು. ತಿಂಗಳುಗಟ್ಟಲೆ ಹೀಗೆ ಮಡಚಿಟ್ಟ ಮಂಡಿ ಹಾಗೆಯೇ ಸೆಟೆದು ನಿಲ್ಲುತ್ತದೆ. ಆಮೇಲೆ ಕಾಲು ಜೋಡಿಸುವುದು ಕಷ್ಟ. ಮಂಡಿಯನ್ನು ನೀಳವಾಗಿಟ್ಟು ಮಲಗಬೇಕು. ವೈದ್ಯರ ಸಲಹೆಯಂತೆ ದಿನವೂ ಸ್ವಲ್ಪ ಹೊತ್ತು ಬೋರಲು ಮಲಗುವುದು ಒಳ್ಳೆಯದು. ಗಾಯ ಮಾಗಿದ ನಂತರ ವೈದ್ಯರು ತೋರಿಸಿದ ರೀತಿಯಲ್ಲಿ ಹಿಗ್ಗುವ ಪಟ್ಟಿ ಸುತ್ತಿ ಬಾವು ಇಳಿಸಬೇಕು. ಕಾಲು ಜೋಡಿಸಿದ ಮೇಲೆ ಪ್ರತಿ ಸಂಜೆ ಮೋಟುಗಾಲನ್ನು ಸೋಪಿನಿಂದ ತೊಳೆದು, ಒಣಗಿಸಿ, ಕೆಂಪು ಗುರುತು ಅಥವಾ ಗುಳ್ಳೆ ಇದೆಯೇ ನೋಡಬೇಕು. ಒಳಗೆ ಹಾಕುವ ಕಾಲುಚೀಲವನ್ನು ದಿನವೂ ಒಗೆಯಬೇಕು. ಮೊದಲ ವರ್ಷದಲ್ಲಿ ಮೋಟುಗಾಲು ಕುಗ್ಗುತ್ತದೆ. ಆಗ ಬಟ್ಟೆ ತುರುಕಿ ದಿನ ದೂಡದೆ, ಜೋಡಿಸಿದವರ ಬಳಿಗೇ ಹೋಗಿ ಸರಿಪಡಿಸಿಕೊಳ್ಳಬೇಕು.

ಕೈ ಕಳೆದುಕೊಂಡವರಿಗೆ

ಕೃತಕ ಕೈಗಳಲ್ಲಿ ನೋಟಕ್ಕೆ ಮಾತ್ರ ಇರುವವು ಒಂದು ಬಗೆ, ದುಡಿಮೆಗೆ ಒದಗುವವು ಇನ್ನೊಂದು ಬಗೆ. ಹೊಲದ ಕೆಲಸಕ್ಕೆ ಎರಡನೆಯದೇ ಬೇಕು. ಇದರ ತುದಿಯಲ್ಲಿ ಬೆರಳುಗಳ ಬದಲು ಎರಡು ದಳದ ಉಕ್ಕಿನ ಕೊಕ್ಕೆ ಇರುತ್ತದೆ. ಕೊಕ್ಕೆಯಿಂದ ಹೊರಟ ತಂತಿ ಬೆನ್ನ ಮೇಲೆ ಹಾದು ಎದುರು ಭುಜದ ಪಟ್ಟಿಗೆ ಸೇರಿರುತ್ತದೆ. ಭುಜ ಮುಂದೆ ಮಾಡಿದಾಗ ಕೊಕ್ಕೆ ತೆರೆದುಕೊಳ್ಳುತ್ತದೆ, ಸಡಿಲಿಸಿದಾಗ ರಬ್ಬರ್ ಬಳೆ ಅಥವಾ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳುತ್ತದೆ. ಬಕೆಟ್ಟಿನ ಹಿಡಿ, ಹಗ್ಗ, ಸಲಿಕೆಯ ಕಾವು, ಚೀಲದ ಬಾಯಿ ಇವನ್ನು ಹಿಡಿಯಲು ಇದು ಸಾಕು.

ಕೈ ಹೋದ ಮೊದಲ ಕೆಲವು ತಿಂಗಳಲ್ಲಿಯೇ ಇದನ್ನು ಜೋಡಿಸಿಕೊಂಡು ಅಭ್ಯಾಸ ಮಾಡಬೇಕು. ವರ್ಷಗಟ್ಟಲೆ ಬಿಟ್ಟರೆ ಒಂದೇ ಕೈಯಲ್ಲಿ ಎಲ್ಲ ಮಾಡುವುದು ರೂಢಿಯಾಗಿ, ಕೊಟ್ಟ ಕೃತಕ ಕೈ ಗೂಟಕ್ಕೆ ನೇತುಬೀಳುತ್ತದೆ. ಓಡುತ್ತಿರುವ ಬೆಲ್ಟು, ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ ಇವುಗಳ ಬಳಿ ಕೃತಕ ಕೈ ಹಾಕಿಕೊಂಡು ಹೋಗಕೂಡದು. ಅದರ ಪಟ್ಟಿ ಸಿಕ್ಕಿಕೊಂಡರೆ ಇಡೀ ಮೈಯನ್ನೇ ಎಳೆದೀತು.

ಸ್ಪರ್ಶವಿಲ್ಲದ ಪಾದ

ಸಕ್ಕರೆ ಕಾಯಿಲೆ ಹಳೆಯದಾದಾಗ ಅಥವಾ ಕುಷ್ಠರೋಗ ವಾಸಿಯಾದ ಮೇಲೂ ಕೆಲವರ ಪಾದಗಳಿಗೆ ಸ್ಪರ್ಶಜ್ಞಾನ ಇರುವುದಿಲ್ಲ. ಮುಳ್ಳು ಚುಚ್ಚಿದರೂ ಕೂಳೆ ತರಚಿದರೂ ತಿಳಿಯುವುದಿಲ್ಲ. ಗಾಯ ಕೊಳೆತು ಕೊನೆಗೆ ಕಾಲನ್ನೇ ತೆಗೆಯಬೇಕಾಗಬಹುದು. ಇಂಥವರು ಬರಿಗಾಲಲ್ಲಿ ಹೊಲಕ್ಕೆ ಇಳಿಯಕೂಡದು. ಇವರಿಗಾಗಿಯೇ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಇದೆ. ಇದರ ಒಳಪದರ ಮೆತ್ತಗೆ, ಹೊರ ಅಟ್ಟೆ ಮುಳ್ಳು ತೂರದಷ್ಟು ಗಟ್ಟಿ. ಮೊಳೆಯನ್ನು ಬಳಸದೆ ಅಂಟಿಸಿ, ಹೊಲಿದು ಮಾಡಿರುತ್ತಾರೆ. ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಬಗ್ಗಿ ನೋಡಲಾಗದವರು ಕನ್ನಡಿ ಹಿಡಿಯಬಹುದು, ಇಲ್ಲವೇ ಮನೆಯವರಿಂದ ನೋಡಿಸಬಹುದು.

ಕಿವಿಯ ಯಂತ್ರ

ಕಿವಿ ಕೇಳಿಸದವರು ಕೇಳಿದ ಪ್ರಶ್ನೆಗೆ ಹೊಂದದ ಉತ್ತರ ಕೊಡುತ್ತಾರೆ. ಅದನ್ನು ಕಂಡು ಬುದ್ಧಿ ಮಂಕಾಯಿತೆಂದು ತಿಳಿಯುವುದು ಅನ್ಯಾಯ. ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕು. ಒಮ್ಮೊಮ್ಮೆ ಗುಗ್ಗೆ ತುಂಬಿಕೊಂಡಿದ್ದರೆ ಅದನ್ನು ವೈದ್ಯರು ತೆಗೆದೊಡನೆಯೇ ಕೇಳಿಸತೊಡಗುತ್ತದೆ. ಕಡ್ಡಿ, ಪಿನ್ನು, ಬಿಸಿ ಎಣ್ಣೆ ಹಾಕಿ ತಾವೇ ಚಿಕಿತ್ಸೆಗೆ ತೊಡಗಬಾರದು.

ಕಿವಿಯ ಯಂತ್ರವು ಸದ್ದನ್ನು ಹಿಡಿದು, ಹೆಚ್ಚಿಸಿ, ಕಿವಿಗೆ ಕೊಡುತ್ತದೆ. ಯಾವ ಸ್ವರ ಎಷ್ಟು ಕೇಳಿಸುವುದಿಲ್ಲ ಎಂದು ಅಳೆದು, ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಬೇಕು. ಸಂತೆಯಲ್ಲಿ ಅಥವಾ ಅಂಚೆಯಲ್ಲಿ ತರಿಸಿದ ಅಗ್ಗದ ಯಂತ್ರ ಎಲ್ಲ ಸದ್ದನ್ನೂ ಒಂದೇ ಸಮನೆ ಹೆಚ್ಚಿಸಿ ತಲೆನೋವು ತರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯ ಮತ್ತು ಯಂತ್ರ ಹೊಂದಿಸುವ ವ್ಯವಸ್ಥೆ ಇದೆ. ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿಯೂ ವಿಚಾರಿಸಬಹುದು.

ಯಂತ್ರ ಹಾಕಿದ ಮೊದಲ ದಿನವೇ ಎಲ್ಲ ಸರಿಹೋಗುವುದಿಲ್ಲ. ಬಹಳ ಕಾಲ ಕೇಳದಿದ್ದ ಪಾತ್ರೆಯ ಸದ್ದು, ಗಾಳಿಯ ಸದ್ದು ಒಮ್ಮೆಲೇ ಕೇಳಿ ಕಿರಿಕಿರಿಯಾಗುತ್ತದೆ. ಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ ಹಾಕಿ, ಕ್ರಮೇಣ ಹೆಚ್ಚಿಸಬೇಕು. ಬೆವರು ಮತ್ತು ಮಳೆ ಇದಕ್ಕೆ ಶತ್ರುಗಳು. ಸ್ನಾನಕ್ಕೆ, ಔಷಧಿ ಸಿಂಪರಣೆಗೆ ಹೋಗುವಾಗ ತೆಗೆದಿಡಬೇಕು. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ಒಣ ಡಬ್ಬಿಯಲ್ಲಿಡಬೇಕು. ಗುಂಡಿಯಂಥ ಸಣ್ಣ ಬ್ಯಾಟರಿಯ ಮೇಲಿನ ಅಂಟುಪಟ್ಟಿಯನ್ನು ಬಳಸುವ ಹೊತ್ತಿಗೆ ಮಾತ್ರ ಕೀಳಬೇಕು. ಕಿತ್ತ ಮೇಲೆ ಬಳಸದಿದ್ದರೂ ಅದು ಖರ್ಚಾಗುತ್ತದೆ. ಮಕ್ಕಳ ಕೈಗೆ ಈ ಬ್ಯಾಟರಿ ಸಿಗದಂತೆ ನೋಡಿಕೊಳ್ಳಬೇಕು, ನುಂಗಿದರೆ ಪ್ರಾಣಾಪಾಯ.

ಮನೆಯವರೂ ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಕೂಗಿ ಹೇಳಬೇಕಿಲ್ಲ. ಎದುರಿಗೆ ಬಂದು, ಬಾಯಿ ಕಾಣುವಂತೆ, ನಿಧಾನವಾಗಿ ಹೇಳಿದರೆ ಸಾಕು.

ಕಣ್ಣು

ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಔಷಧಿಯ ಡಬ್ಬಿಯ ಮೇಲಿನ ಅಳತೆ ಓದಲಾಗದೆ ಅಂದಾಜಿನಿಂದ ಸುರಿಯುವುದು ಅಪಾಯ. ಇದಕ್ಕೆ ಓದುವ ಕನ್ನಡಕ ಸಾಕು. ಆದರೆ ಪೊರೆ ಬಂದ ಕಣ್ಣಿಗೆ ಕನ್ನಡಕ ಬದಲಾಯಿಸುತ್ತ ಹೋಗುವುದರಿಂದ ಫಲವಿಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು. ಪೂರ್ಣ ದೃಷ್ಟಿ ಇಲ್ಲದವರಿಗೆ ಮಡಚುವ ಬಿಳಿ ಕೋಲು ದೊರೆಯುತ್ತದೆ. ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೊಟ್ಟಿಗೆ ಹಗ್ಗ ಕಟ್ಟಿಕೊಟ್ಟರೆ ಅದನ್ನು ಹಿಡಿದು ಹೋಗಿ ದನಗಳ ಕೆಲಸ ಮಾಡಬಲ್ಲರು. ಈಗಿನ ಮೊಬೈಲ್ ಫೋನುಗಳಲ್ಲಿ ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ, ಅಕ್ಷರ ದೊಡ್ಡದು ಮಾಡುವ ಸೌಲಭ್ಯವಿದೆ. ಓದಲಾಗದವರು ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಬೇಸಾಯದ ಸಲಹೆಯನ್ನು ಕನ್ನಡದಲ್ಲಿಯೇ ಪಡೆಯಬಹುದು.

ಬೇಸಾಯದ ಉಪಕರಣಗಳಲ್ಲಿ ಮಾರ್ಪಾಡು

ಮೈಯನ್ನು ಕೆಲಸಕ್ಕೆ ಬಗ್ಗಿಸುವ ಬದಲು ಉಪಕರಣವನ್ನು ಮೈಗೆ ಹೊಂದಿಸುವುದು ಇಲ್ಲಿನ ತತ್ವ. ಕೆಲವು ಉದಾಹರಣೆಗಳು:

1. ಕುಕ್ಕರುಗಾಲಿನಲ್ಲಿ ಕೂತು ಕಳೆ ತೆಗೆಯಲಾಗದವರು ಸಾಲು ಬೆಳೆಯಲ್ಲಿ ಸೈಕಲ್ ಎಡೆಕುಂಟೆಯನ್ನು ನಿಂತು ತಳ್ಳಬಹುದು. ಹಿಡಿಯ ಎತ್ತರವನ್ನು ಸೊಂಟದ ಮಟ್ಟಕ್ಕೆ ಹೊಂದಿಸಬೇಕು.

2. ಬೀಜ ಊರಲು ಬಗ್ಗಲಾಗದವರಿಗೆ ನಿಂತೇ ಬೀಜ ಊರುವ ಕೊಳವೆ ಸಾಧನಗಳಿವೆ. ಭೋಪಾಲಿನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯು ರೂಪಿಸಿದ "ನವೀನ್ ಡಿಬ್ಲರ್" ಇಂಥದೊಂದು.

3. ಬೆರಳುಗಳಲ್ಲಿ ಬಿಗಿ ಹಿಡಿತವಿಲ್ಲದವರು ಕುಡುಗೋಲು, ಸಲಿಕೆಗಳ ಕಾವಿಗೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ ದಪ್ಪ ಮಾಡಿಕೊಳ್ಳಬೇಕು. ತೆಳು ಕಾವಿಗಿಂತ ದಪ್ಪ ಕಾವು ಹಿಡಿಯಲು ಸುಲಭ, ಜಾರುವುದಿಲ್ಲ. ಗರಗಸದಂಥ ಹಲ್ಲಿನ ಕುಡುಗೋಲನ್ನು ಮೇಲಿಂದ ಮೇಲೆ ಮಸೆಯಬೇಕಿಲ್ಲ.

4. ಅಡಿಕೆ ಮರ ಏರಲಾಗದ ವಯಸ್ಸಿನ ಬೆಳೆಗಾರರು ಹಗುರವಾದ ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತು ಕೊಯ್ಲು, ಸಿಂಪರಣೆ ಮಾಡುತ್ತಿದ್ದಾರೆ. ವಿದ್ಯುತ್ ತಂತಿಯ ಸಮೀಪ ಇದನ್ನು ಎತ್ತಲೇಬಾರದು.

5. ಗಾಲಿಕುರ್ಚಿಯಲ್ಲಿ ಕೂರುವವರಿಗೆ ಎತ್ತರಿಸಿದ ಮಡಿ ಒಪ್ಪುತ್ತದೆ. ಎರಡೂವರೆ ಅಡಿ ಎತ್ತರ ಮತ್ತು ಎರಡೂ ಕಡೆಯಿಂದ ಕೈ ಎಟುಕುವ ಅಗಲದಲ್ಲಿ ಕಟ್ಟಿದ ಮಡಿಯಲ್ಲಿ ಸಸಿಮಡಿ, ಸೊಪ್ಪು, ಹೂವು ಬೆಳೆಯಬಹುದು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯು ಅಂಗವಿಕಲರಿಗೆ ತೋಟಗಾರಿಕೆಯ ತರಬೇತಿ ನೀಡುತ್ತ ಬಂದಿದೆ.

ಮನೆ ಮತ್ತು ಕೊಟ್ಟಿಗೆ

ವಯಸ್ಸಾದವರು ಬೀಳುವುದು ಹೊಲಕ್ಕಿಂತ ಬಚ್ಚಲು, ಹೊಸ್ತಿಲು, ಕೊಟ್ಟಿಗೆಯ ಗಂಜಲದ ಕಾಲುವೆಗಳ ಬಳಿ. ಬಿದ್ದು ತೊಡೆಯ ಮೂಳೆ ಮುರಿದರೆ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಆದ್ದರಿಂದ ಬಚ್ಚಲು, ಶೌಚಾಲಯದ ಗೋಡೆಗೆ ಕಬ್ಬಿಣದ ಹಿಡಿ ಕೂರಿಸಬೇಕು. ಕೆಳಗೆ ಕೂರಲಾಗದವರಿಗೆ ನೆಲಮಟ್ಟದ ಶೌಚಾಲಯದ ಮೇಲೆಯೇ ಇಡಬಹುದಾದ, ನಡುವೆ ರಂಧ್ರವಿರುವ ಕುರ್ಚಿ ಸಿಗುತ್ತದೆ. ಮೆಟ್ಟಿಲಿನ ಪಕ್ಕ ಇಳಿಜಾರು ಮಾಡುವಾಗ ಪ್ರತಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಕೊಡಬೇಕು. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿಯನ್ನು ತಾವೇ ಏರಿಸಲಾಗದು. ಅಗಲ ಮೂರು ಅಡಿಗೆ ಕಡಿಮೆ ಇರಬಾರದು. ರಾತ್ರಿ ಬಚ್ಚಲ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯಲಿ.

ಎಲ್ಲಿ, ಹೇಗೆ ಪಡೆಯುವುದು

ಮೊದಲ ಹೆಜ್ಜೆ ಪ್ರಮಾಣಪತ್ರ ಮತ್ತು ಯುಡಿಐಡಿ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಶೇ. 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆ ಇದ್ದವರಿಗೆ ಹೆಚ್ಚಿನ ಸೌಲಭ್ಯಗಳು ದೊರೆಯುತ್ತವೆ. ಇದೇ ಕಾಯಿದೆಯ 37ನೆಯ ಕಲಮು ಕೃಷಿ ಭೂಮಿ ಹಾಗೂ ವಸತಿ ಹಂಚಿಕೆಯ ಯೋಜನೆಗಳಲ್ಲಿ ಇವರಿಗೆ ಶೇ. 5ರಷ್ಟು ಮೀಸಲಾತಿ ನೀಡಿ, ಮಹಿಳೆಯರಿಗೆ ಆದ್ಯತೆ ಕೊಡಬೇಕೆಂದು ಹೇಳುತ್ತದೆ.

ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಊರುಗೋಲು, ಗಾಲಿಕುರ್ಚಿ, ಮೂರು ಗಾಲಿ ಸೈಕಲ್, ಕೃತಕ ಕೈಕಾಲು, ಕಿವಿಯ ಯಂತ್ರ ಮೊದಲಾದವು ಆದಾಯಕ್ಕೆ ತಕ್ಕಂತೆ ಉಚಿತವಾಗಿ ಅಥವಾ ಅರ್ಧ ಬೆಲೆಗೆ ದೊರೆಯುತ್ತವೆ. ಅರವತ್ತು ದಾಟಿದ ಬಡ ಹಿರಿಯರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರಗಳನ್ನು ಉಚಿತವಾಗಿ ಕೊಡುತ್ತಾರೆ. ಕಾನ್ಪುರದ ಅಲಿಂಕೋ ಸಂಸ್ಥೆ ಈ ಸಾಧನಗಳನ್ನು ತಯಾರಿಸುತ್ತದೆ. ಶಿಬಿರಗಳಲ್ಲಿ ಮೊದಲ ದಿನ ಅಳತೆ ತೆಗೆದು, ಮತ್ತೊಂದು ದಿನ ವಿತರಿಸುವುದು ಪದ್ಧತಿ. ಅಳತೆಯ ದಿನ ತಪ್ಪಿಸಿಕೊಳ್ಳಬಾರದು.

ಇಷ್ಟಕ್ಕೆಲ್ಲ ಪಟ್ಟಣ ಸುತ್ತಬೇಕಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅರ್ಜಿ ತುಂಬಿಸುವುದು, ಶಿಬಿರದ ದಿನ ತಿಳಿಸುವುದು ಅವರ ಕೆಲಸ. ಜಿಲ್ಲೆಯಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ. ಹಿರಿಯ ನಾಗರಿಕರು 14567 ಸಹಾಯವಾಣಿಗೆ ಕರೆ ಮಾಡಬಹುದು. ಪಂಚಾಯಿತಿಯ ಅನುದಾನದಲ್ಲಿ ಶೇ. 5ರಷ್ಟು ಅಂಗವಿಕಲರ ಕಲ್ಯಾಣಕ್ಕೆ ಮೀಸಲಾಗಿರುತ್ತದೆ. ಗ್ರಾಮಸಭೆಯಲ್ಲಿ ಅದರ ಲೆಕ್ಕ ಕೇಳುವುದು ನಿಮ್ಮ ಹಕ್ಕು.

ಊನ ಬಾರದಂತೆ ತಡೆ

ಎಲ್ಲಕ್ಕಿಂತ ಮೇಲಾದುದು ಊನವೇ ಆಗದಂತೆ ನೋಡಿಕೊಳ್ಳುವುದು. ಒಕ್ಕಣೆ ಯಂತ್ರದ ಅವಘಡಗಳನ್ನು ತಡೆಯಲು 1983ರಲ್ಲಿಯೇ ಸಂಸತ್ತು ಅಪಾಯಕಾರಿ ಯಂತ್ರಗಳ ಕಾಯಿದೆಯನ್ನು ಮಾಡಿತು. ಯಂತ್ರಕ್ಕೆ ಪೈರು ಹಾಕುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ 45 ಸೆಂ.ಮೀ. ಭಾಗ ಮೇಲೆ ಮುಚ್ಚಿರಬೇಕು. ಆಗ ಕೈ ಒಳಗಿನ ಉರುಳೆಯವರೆಗೆ ಹೋಗುವುದಿಲ್ಲ. ಬಾಡಿಗೆಗೆ ಯಂತ್ರ ತರುವಾಗ ಇದನ್ನು ಅಳೆದು ನೋಡಿ. ಸಡಿಲ ಬಟ್ಟೆ, ಬಳೆ, ಸೆರಗು, ಟವೆಲು ಯಂತ್ರದ ಬಳಿ ಬೇಡ. ದಣಿದವರು, ನಿದ್ದೆಗೆಟ್ಟವರು, ಕುಡಿದವರು ಪೈರು ಹಾಕಲು ನಿಲ್ಲಬಾರದು. ಟ್ರ್ಯಾಕ್ಟರ್, ಟಿಲ್ಲರ್ ನಡೆಸುವವರು ಕಿವಿಗೆ ಬಿರಡೆ ಹಾಕಿಕೊಳ್ಳಬೇಕು. 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ದುಡಿದರೆ ಕಿವಿ ಶಾಶ್ವತವಾಗಿ ಮಂದವಾಗುತ್ತದೆ.

ರೈತ ಬಾಂಧವರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಊನದಿಂದ, ವಯಸ್ಸಿನಿಂದ ಕೆಲಸ ಬಿಟ್ಟು ಕೂತವರಿದ್ದರೆ ಅವರ ಬಳಿ ಹೋಗಿ, ಯಾವ ಕೆಲಸ ಮಾಡಲು ಏನು ಅಡ್ಡಿಯಾಗಿದೆ ಎಂದು ಕೇಳಿ. ಆ ಒಂದು ಅಡ್ಡಿಗೆ ತಕ್ಕ ಸಾಧನವನ್ನು ಹುಡುಕಿ. ಮುಂದಿನ ಶಿಬಿರ ಎಂದು, ಎಲ್ಲಿ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ, ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ. ಮುಂಗಾರಿನ ಕೆಲಸ ಶುರುವಾದ ಮೇಲೆ ಯಾರಿಗೂ ಬಿಡುವಿರುವುದಿಲ್ಲ. ಸುಗ್ಗಿ ಮುಗಿದ ಬೇಸಿಗೆಯ ದಿನಗಳೇ ಇದಕ್ಕೆ ತಕ್ಕ ಕಾಲ.